ಲೋಹದ ಗೇರಿನ ಸರ್ವೊ ಆರಿಸುವುದು ಹೇಗೆ?

ನಾನು ಮೊದಲು ಕಟ್ಟಿದ ಯಂತ್ರದ ತೋಳಿನಲ್ಲಿ ಪ್ಲಾಸ್ಟಿಕ್ ಗೇರಿನ ಸಣ್ಣ ಸರ್ವೊ ಇತ್ತು. ಸರ್ವೊ ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ, ಒಳಗೆ ಗೇರುಗಳಿರುವ ಮೋಟಾರು. ಆಗಾಗ ಅದರ ಹಲ್ಲು ಉದುರುತ್ತಿತ್ತು. ಪ್ರತಿ ಸಲ ಬಿಚ್ಚುವುದು, ಒಂದು ಗೇರ್ ಬದಲಿಸುವುದು, ಮತ್ತೆ ಜೋಡಿಸುವುದು. ಸಾಕಾಗಿ ಹೋಗಿ ಲೋಹದ ಗೇರಿನ ಸರ್ವೊ ತಂದು ಹಾಕಿದೆ. ಕೆಲವೇ ದಿನದಲ್ಲಿ ತೋಳು ಚೌಕಟ್ಟಿಗೆ ಸಿಕ್ಕಿಕೊಂಡು ನಿಂತಿತು. ಗೇರಿಗೆ ಒಂದು ಗೀರೂ ಬೀಳಲಿಲ್ಲ. ಮೋಟಾರು ಮಾತ್ರ ಸುಟ್ಟು ಕಮಟು ವಾಸನೆ ಹೊಡೆಯುತ್ತಿತ್ತು.

ಅಷ್ಟು ದಿನ ಆ ಪ್ಲಾಸ್ಟಿಕ್ ಹಲ್ಲು ಫ್ಯೂಸಿನ ಕೆಲಸ ಮಾಡುತ್ತಿತ್ತು ಅಂತ ಹೊಳೆದದ್ದು ಆಗ. ಗೇರನ್ನು ಗಟ್ಟಿ ಮಾಡಿದರೆ ಪೆಟ್ಟು ಮಾಯವಾಗುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಮೋಟಾರಿಗೆ, ಶಾಫ್ಟಿಗೆ, ಇಲ್ಲವೇ ಸರ್ವೊ ಕೂರಿಸಿದ ಸ್ಕ್ರೂಗೆ. ಆದ್ದರಿಂದ ಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ಯಂತ್ರ ಎಲ್ಲಾದರೂ ಸಿಕ್ಕಿಕೊಂಡರೆ ಯಾವ ಭಾಗ ಮೊದಲು ಸೋಲಬೇಕು?

ಹೆಜ್ಜೆ 1: ಭಾರ ಲೆಕ್ಕ ಹಾಕಿ

ಪೆನ್ನು, ಕಾಗದ ಸಾಕು. ತೋಳು ಅಡ್ಡಡ್ಡ ಚಾಚಿದಾಗ ಸರ್ವೊಗೆ ಅತಿ ಹೆಚ್ಚು ಕಷ್ಟ, ಹಾಗಾಗಿ ಆ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ತೋಳಿನ ಉದ್ದ 20 ಸೆಂ.ಮೀ., ತುದಿಯಲ್ಲಿ 300 ಗ್ರಾಂ ಭಾರ ಅಂದುಕೊಳ್ಳೋಣ. 0.3 ಕೆ.ಜಿ.ಯನ್ನು 20ರಿಂದ ಗುಣಿಸಿದರೆ ಬೇಕಾದ ತಿರುಗಿಸುವ ಬಲ, ಅಂದರೆ ಟಾರ್ಕ್, 6 ಕೆ.ಜಿ.-ಸೆಂ.ಮೀ. ತೋಳಿನದ್ದೇ ತೂಕ 100 ಗ್ರಾಂ ಇದ್ದರೆ ಅದು ನಡುಮಧ್ಯೆ, ಅಂದರೆ 10 ಸೆಂ.ಮೀ. ದೂರದಲ್ಲಿ ತೂಗುತ್ತದೆ ಎಂದು ಹಿಡಿಯಬೇಕು. ಅದು ಇನ್ನೊಂದು 1. ಒಟ್ಟು 7 ಕೆ.ಜಿ.-ಸೆಂ.ಮೀ.

ಹಾಗಂತ 8 ಅಥವಾ 10ರ ಸರ್ವೊ ಕೊಂಡರೆ ಕೆಟ್ಟಿರಿ. ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಸ್ಟಾಲ್ ಟಾರ್ಕ್. ಅಂದರೆ ಮೋಟಾರು ತಿರುಗಲಾರದೆ ನಿಂತೇ ಹೋಗುವ ಕ್ಷಣದ ಬಲ. ಆ ಬಲದಲ್ಲಿ ಅದು ತುಂಬ ಹೊತ್ತು ದುಡಿಯಲಾರದು. ದಿನವಿಡೀ ಓಡುವ ಯಂತ್ರದಲ್ಲಿ ಸ್ಟಾಲ್ ಟಾರ್ಕಿನ ಮೂರನೇ ಒಂದು ಭಾಗವನ್ನಷ್ಟೇ ನಂಬುವುದು ನನ್ನ ರೂಢಿ. ಹಾಗಾಗಿ 7 ಬೇಕಿದ್ದ ಕಡೆ 21ಕ್ಕಿಂತ ಜಾಸ್ತಿ ಇರುವುದನ್ನು ಹುಡುಕಿ. ಅದು ಕೈಗೆ ಎಟುಕದಿದ್ದರೆ ತೋಳಿನ ಹಿಂಬದಿಗೆ ಸಮತೂಕ ಅಥವಾ ಸ್ಪ್ರಿಂಗ್ ಕಟ್ಟಿ. ದೊಡ್ಡ ಸರ್ವೊಗಿಂತ ಒಂದು ಸ್ಪ್ರಿಂಗ್ ಎಷ್ಟೋ ಅಗ್ಗ.

ಹೆಜ್ಜೆ 2: ಹೆಸರಿನ ಜೊತೆಗಿರುವ ಅಂಕಿಯನ್ನು ಅನುಮಾನದಿಂದ ಓದಿ

'25 ಕೆ.ಜಿ. ಸರ್ವೊ' ಅಂದ ಕೂಡಲೇ 25 ಕೆ.ಜಿ. ಎತ್ತುತ್ತದೆ ಅಂತ ಹಿಗ್ಗಬೇಡಿ. ಶಾಫ್ಟಿನಿಂದ 1 ಸೆಂ.ಮೀ. ದೂರದಲ್ಲಿ ಮಾತ್ರ 25. 10 ಸೆಂ.ಮೀ. ದೂರದಲ್ಲಿ ಎರಡೂವರೆ ಕೆ.ಜಿ., 25 ಸೆಂ.ಮೀ. ದೂರದಲ್ಲಿ ಬರೀ 1. ಅದೂ ಸ್ಟಾಲ್ ಅಂಕಿ, ಅದೂ ಹೆಚ್ಚಿನ ವೋಲ್ಟೇಜ್ ಕೊಟ್ಟಾಗ. ಹವ್ಯಾಸಿಗಳೆಲ್ಲ ಬಲ್ಲ ಎಂಜಿ996ಆರ್ ಸರ್ವೊದ ಮಾಹಿತಿ ಹಾಳೆ ನೋಡಿ: 4.8 ವೋಲ್ಟಿಗೆ 9.4 ಕೆ.ಜಿ.-ಸೆಂ.ಮೀ., 6 ವೋಲ್ಟಿಗೆ 11. ನಿಮ್ಮ ಯಂತ್ರ ಯಾವ ವೋಲ್ಟೇಜಿನಲ್ಲಿ ಓಡುತ್ತದೋ ಆ ಸಾಲನ್ನೇ ಓದಬೇಕು. ವೇಗದ ಅಂಕಿಯೂ ಹಾಗೇ. 60 ಡಿಗ್ರಿ ತಿರುಗಲು ಇಷ್ಟು ಸೆಕೆಂಡು ಎಂದು ಬರೆದಿರುತ್ತದೆ, ಅಳೆದಿರುವುದು ಭಾರವಿಲ್ಲದೆ. ಭಾರ ಹೊತ್ತ ಮೇಲೆ ನಿಧಾನವೇ.

ಹೆಜ್ಜೆ 3: ಯಾವ ಲೋಹ ಅಂತ ಕೇಳಿ

'ಮೆಟಲ್ ಗೇರ್' ಅನ್ನುವುದು ಬಹಳ ಸಡಿಲ ಮಾತು. ಹಿತ್ತಾಳೆಯೂ ಲೋಹವೇ, ಅಲ್ಯೂಮಿನಿಯಮ್ಮೂ ಲೋಹವೇ. ಹಿತ್ತಾಳೆಯನ್ನು ಕೊರೆಯುವುದು ಸುಲಭ, ಸದ್ದೂ ಕಡಿಮೆ. ಆದರೆ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ. ಅಲ್ಯೂಮಿನಿಯಂ ಹಗುರ. ಹಾರುವ ಮಾದರಿಗಳಿಗೆ ಚೆನ್ನ, ದಿನಕ್ಕೆ ಸಾವಿರ ಸಲ ಪೆಟ್ಟು ತಿನ್ನುವ ಕೀಲಿಗೆ ಅಲ್ಲ. ಗಟ್ಟಿಗೊಳಿಸಿದ ಉಕ್ಕು ಭಾರ, ಆದರೆ ಪೆಟ್ಟು ತಡೆಯುವುದರಲ್ಲಿ ನನ್ನ ಮೊದಲ ಆಯ್ಕೆ ಅದೇ. ಟೈಟಾನಿಯಂ ಹಗುರವೂ ಹೌದು, ಗಟ್ಟಿಯೂ ಹೌದು. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅಷ್ಟೇ.

ಒಂದೇ ಸರ್ವೊದಲ್ಲಿ ಎರಡು ಮೂರು ಲೋಹ ಬೆರೆತಿರುವುದು ಸಾಮಾನ್ಯ. ಮೋಟಾರಿನ ಪಕ್ಕದ ಗೇರ್ ಜೋರಾಗಿ ತಿರುಗುತ್ತದೆ, ಅದರ ಮೇಲೆ ಬಲ ಕಡಿಮೆ. ಕೊನೆಯ ಗೇರ್ ನಿಧಾನವಾಗಿ ತಿರುಗುತ್ತದೆ, ಬಲವೆಲ್ಲ ಅದರ ಹಲ್ಲಿನ ಮೇಲೆ. ಹಾಗಾಗಿ ಕೊನೆಯ ಎರಡು ಗೇರ್ ಉಕ್ಕಿನದ್ದೇ ಅಂತ ಖಚಿತ ಮಾಡಿಕೊಳ್ಳಿ. ಮಾರುವವರ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಪುಟ್ಟ ಅಯಸ್ಕಾಂತ ಹಿಡಿಯಿರಿ. ಮಾಮೂಲಿ ಉಕ್ಕು ಅಂಟುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ಟೈಟಾನಿಯಂ ಅಂಟುವುದಿಲ್ಲ. ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಅಂಟುವುದಿಲ್ಲ, ಸುಮ್ನೆ ಜಗಳಕ್ಕೆ ಹೋಗಬೇಡಿ.

ಲೋಹದ ಗೇರ್ ಪ್ಲಾಸ್ಟಿಕ್ಕಿನ ಹಾಗೆ ಒಮ್ಮೆಲೇ ಕೈಕೊಡುವುದು ಕಡಿಮೆ, ನಿಧಾನವಾಗಿ ಸವೆಯುತ್ತದೆ. ಸವೆದಷ್ಟೂ ಹಲ್ಲಿನ ನಡುವೆ ಪ್ಲೇ, ಅಂದರೆ ಸಡಿಲ, ಬರುತ್ತದೆ. ಶಾಫ್ಟಿನಲ್ಲಿ ಒಂದೇ ಡಿಗ್ರಿ ಪ್ಲೇ ಬಂದರೂ 20 ಸೆಂ.ಮೀ. ತೋಳಿನ ತುದಿ ಸುಮಾರು ಮೂರೂವರೆ ಮಿ.ಮೀ. ಅಲ್ಲಾಡುತ್ತದೆ. ಪೆನ್ನು ಹಿಡಿದು ಬರೆಯುವ ಯಂತ್ರಕ್ಕೆ ಅದು ಸಾವಿಗೆ ಸಮ. ಬಾಗಿಲು ತೆರೆಯುವ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ.

ಹೆಜ್ಜೆ 4: ಶಾಫ್ಟಿಗೆ ಆಸರೆ ಕೊಡಿ

ಕೊನೆಯ ಶಾಫ್ಟನ್ನು ಬಾಲ್ ಬೇರಿಂಗ್ ಹಿಡಿದಿರಬೇಕು, ಎರಡು ಇದ್ದರೆ ಒಳ್ಳೆಯದು. ಗುಂಡುಗಳಿಲ್ಲದ ಬರೀ ಬುಶ್ (ಶಾಫ್ಟ್ ಕೂರುವ ಬಳೆ) ಇದ್ದರೆ ಅದು ಮೊಟ್ಟೆಯಾಕಾರಕ್ಕೆ ಸವೆದು ಗೇರುಗಳ ಸಾಲೇ ತಪ್ಪುತ್ತದೆ. ಆಮೇಲೆ ಎಷ್ಟು ಒಳ್ಳೆಯ ಉಕ್ಕಾದರೂ ಪ್ರಯೋಜನವಿಲ್ಲ. ಭಾರವನ್ನು ನೇರ ಶಾಫ್ಟಿನ ಮೇಲೆ ನೇತುಹಾಕುವುದನ್ನೂ ಬಿಡಿ. ಸರ್ವೊದ ಎದುರು ಬದಿಗೆ ಇನ್ನೊಂದು ಬೇರಿಂಗ್ ಕೊಟ್ಟು ತೋಳನ್ನು ಎರಡೂ ಕಡೆ ಹಿಡಿಯಿರಿ. ಸರ್ವೊ ತಿರುಗಿಸಲಿ, ಹೊರುವ ಕೆಲಸ ಚೌಕಟ್ಟು ಮಾಡಲಿ.

ಹಾರ್ನ್ (ಶಾಫ್ಟಿನ ತುದಿಗೆ ಕೂರಿಸಿ ತೋಳಿಗೆ ಜೋಡಿಸುವ ತುಂಡು) ಕೂಡ ಲೋಹದ್ದೇ ಬೇಕು ಅನ್ನುವುದಾದರೆ ಶಾಫ್ಟಿನ ಹಲ್ಲು ಎಣಿಸಿ. 23, 24, 25 ಹಲ್ಲಿನವು ಬಳಕೆಯಲ್ಲಿವೆ. 25 ಹೆಚ್ಚು ಕಡೆ ಸಿಗುತ್ತದೆ. 24ರ ಮೇಲೆ 25ರ ಹಾರ್ನ್ ಬಡಿದು ಕೂರಿಸಿದವರನ್ನು ನೋಡಿದ್ದೇನೆ, ಎರಡೂ ಹಾಳು.

ಹೆಜ್ಜೆ 5: ಸೋಲುವ ಜಾಗ ಗೊತ್ತು ಮಾಡಿ

ತೋಳು ಠಕ್ಕನೆ ನಿಂತಾಗ ಹಲ್ಲಿಗೆ ಬೀಳುವ ಪೆಟ್ಟು ಹೊರಗಿನ ಭಾರದ್ದು ಮಾತ್ರ ಅಲ್ಲ. ಒಳಗೆ ಮೋಟಾರಿನ ತಿರುಗುವ ಭಾಗ, ಅಂದರೆ ರೋಟರ್, ಇನ್ನೂ ತಿರುಗುತ್ತಿರುತ್ತದೆ. ಗೇರ್ ಅನುಪಾತ 250 ಆಗಿದ್ದರೆ (ಮೋಟಾರು 250 ಸುತ್ತಿದಾಗ ಶಾಫ್ಟ್ ಒಂದು ಸುತ್ತು) ಶಾಫ್ಟಿನ ಕಡೆಯಿಂದ ನೋಡುವಾಗ ಆ ರೋಟರಿನ ಜಡತ್ವ 250ರ ವರ್ಗದಷ್ಟು, ಅಂದರೆ 62,500 ಪಟ್ಟು. ಪುಟ್ಟ ಮೋಟಾರು ಸುತ್ತಿಗೆಯಂತೆ ಬಡಿಯುವುದು ಹೀಗೆ. ಕೋರ್‌ಲೆಸ್ ಮೋಟಾರಿನ ರೋಟರ್ ಹಗುರ, ಹಾಗಾಗಿ ಗೇರಿಗೆ ಹಿತ. ಆದರೆ ಬಿಸಿ ಹೀರಿಕೊಳ್ಳಲು ಅದರಲ್ಲಿ ಕಬ್ಬಿಣದ ತಿರುಳಿಲ್ಲ. ಸಿಕ್ಕಿಕೊಂಡರೆ ಬೇಗ ಸುಡುತ್ತದೆ. ಬ್ರಷ್‌ಲೆಸ್‌ನಲ್ಲಿ ಸವೆಯುವ ಬ್ರಷ್ಷೇ (ಉಜ್ಜುತ್ತಾ ರೋಟರಿಗೆ ಕರೆಂಟು ದಾಟಿಸುವ ತುಂಡು) ಇಲ್ಲ, ನಿರಂತರ ಓಡುವ ಯಂತ್ರಕ್ಕೆ ದುಡ್ಡಿದ್ದರೆ ಅದನ್ನೇ ತೆಗೆದುಕೊಳ್ಳಿ.

ಪೆಟ್ಟು ನುಂಗಲು ದಾರಿ ಹಲವು. ಶಾಫ್ಟಿಗೂ ತೋಳಿಗೂ ನಡುವೆ ಸರ್ವೊ ಸೇವರ್ ಎಂಬ ಸ್ಪ್ರಿಂಗ್ ಜೋಡಣೆ ಹಾಕಬಹುದು. ರಿಮೋಟ್ ಕಾರುಗಳ ಸ್ಟಿಯರಿಂಗ್‌ನಲ್ಲಿ ಇರುವುದು ಅದೇ. ಬೇಕೆಂದೇ ಪ್ಲಾಸ್ಟಿಕ್ ಹಾರ್ನ್ ಉಳಿಸಿಕೊಳ್ಳಬಹುದು. ಮುರಿದರೆ ಹೊರಗಿನಿಂದಲೇ ಎರಡು ನಿಮಿಷದಲ್ಲಿ ಬದಲಾಯಿಸಬಹುದಲ್ವಾ? ಇಲ್ಲವೇ ಕರೆಂಟ್ ಮಿತಿ ಮೀರಿದರೆ ತಾನೇ ಬಲ ಇಳಿಸುವ ಸರ್ವೊ ಆರಿಸಬಹುದು. ಸೀರಿಯಲ್ ಬಸ್ ಸರ್ವೊಗಳಲ್ಲಿ (ಒಂದೇ ವೈರಿನ ಸಾಲಿಗೆ ಹಲವನ್ನು ಜೋಡಿಸಿ ಡಿಜಿಟಲ್ ಸಂದೇಶದಿಂದ ನಡೆಸುವವು) ಅನೇಕವು ತಮ್ಮ ಬಿಸಿ ಎಷ್ಟು, ಹೊರೆ ಎಷ್ಟು ಎಂದು ತಾವೇ ವರದಿ ಮಾಡುತ್ತವೆ. ನನ್ನ ತೋಳಿನಲ್ಲಿ ಈಗ ಉಕ್ಕಿನ ಗೇರೂ ಇದೆ, ಪ್ಲಾಸ್ಟಿಕ್ ಹಾರ್ನೂ ಇದೆ. ಸುಂದರವಾಗೇನೂ ಇಲ್ಲ.

ಹೆಜ್ಜೆ 6: ಸೆನ್ಸರ್, ಧೂಳು, ಕರೆಂಟು

ಕೋನ ಅಳೆಯುವ ಪೊಟೆನ್ಶಿಯೊಮೀಟರಿನಲ್ಲಿ ಒಂದು ಕಡ್ಡಿ ಉಜ್ಜುತ್ತಲೇ ಇರುತ್ತದೆ. ಗೇರ್ ಗಟ್ಟಿಯಾದ ಮೇಲೆ ಮೊದಲು ಸವೆಯುವುದು ಬಹಳ ಸಲ ಇದೇ. ಸರ್ವೊ ಒಂದೇ ಜಾಗದಲ್ಲಿ ನಡುಗತೊಡಗಿದರೆ ಇದರ ಮೇಲೂ ಅನುಮಾನ ಪಡಿ. ಅಯಸ್ಕಾಂತದ ನೆರವಿನಿಂದ ಕೋನ ಅಳೆಯುವ ಮ್ಯಾಗ್ನೆಟಿಕ್ ಎನ್‌ಕೋಡರಿನಲ್ಲಿ ಉಜ್ಜಾಟವಿಲ್ಲ. 12 ಬಿಟ್ಟಿನದ್ದು ಒಂದು ಸುತ್ತನ್ನು 4,096 ಭಾಗ ಮಾಡುತ್ತದೆ.

ಧೂಳು, ನೀರು ಇರುವ ಕಡೆ ಅವು ಒಳಹೋಗದಂತೆ ತಡೆಯುವ ದರ್ಜೆ ಐಪಿ65 ಅಥವಾ ಐಪಿ67 ಕೇಳಿ. ಕರೆಂಟಿನ ವಿಷಯ ಚುಟುಕಾಗಿ: 6 ವೋಲ್ಟಿನಲ್ಲಿ ಎಂಜಿ996ಆರ್ ಸ್ಟಾಲ್ ಆದರೆ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ನಾಲ್ಕು ಇದ್ದರೆ 10. ಕಂಟ್ರೋಲರ್ ಬೋರ್ಡಿನ ಪಿನ್ನಿನಿಂದ ಇದನ್ನು ಕೊಡಲಾಗದು. ಬೇರೆ ಪವರ್ ಸಪ್ಲೈ, ದಪ್ಪ ವೈರು, ಬೋರ್ಡಿಗೂ ಸರ್ವೊಗೂ ಒಂದೇ ಗ್ರೌಂಡ್ (ನೆಗೆಟಿವ್ ತಂತಿ).

ಹೆಜ್ಜೆ 7: ಬೇಕಾದಂತೆ ಮಾಡಿಸುವುದಾದರೆ

ಪೂರ್ತಿ ಹೊಸ ಸರ್ವೊಗೆ ಹೊಸ ಅಚ್ಚು ಬೇಕು, ಖರ್ಚು ವಿಪರೀತ. ತಯಾರಕರ ಬಳಿ ಈಗಾಗಲೇ ಇರುವ ಮಾದರಿ ಹಿಡಿದು ಅದರಲ್ಲಿ ಬದಲಾವಣೆ ಕೇಳುವುದು ಜಾಣತನ. ಗೇರಿನ ಲೋಹ, ಗೇರ್ ಅನುಪಾತ, ತಿರುಗುವ ಕೋನ, ವೈರಿನ ಉದ್ದ, ಕನೆಕ್ಟರ್, ಸಿಗ್ನಲ್ ಕಳೆದುಹೋದಾಗ ನಿಲ್ಲಬೇಕಾದ ಜಾಗ, ಇವೆಲ್ಲ ಬದಲಿಸಬಹುದಾದವು. 'ಗಟ್ಟಿ ಇರಲಿ' ಅಂತ ಬರೆದರೆ ಅವರಿಗೂ ಅರ್ಥವಾಗುವುದಿಲ್ಲ. ಭಾರ, ವೋಲ್ಟೇಜ್, ಗಂಟೆಗೆ ಎಷ್ಟು ಸಲ ತಿರುಗಬೇಕು, ಎಷ್ಟು ಪ್ಲೇ ತನಕ ಒಪ್ಪಿಗೆ ಎಂದು ಅಂಕಿಯಲ್ಲೇ ಬರೆಯಿರಿ. ನಾಲ್ಕು ಸೆಕೆಂಡಿಗೊಮ್ಮೆ ತಿರುಗುವ ಯಂತ್ರ ಗಂಟೆಗೆ 900 ಸಲ ತಿರುಗುತ್ತದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ 21 ಲಕ್ಷ 60 ಸಾವಿರ ಸಲ. ಈ ಅಂಕಿ ಮುಂದಿಟ್ಟ ಮೇಲೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಬಿಡಿ ಗೇರ್ ಸೆಟ್ ಸಿಗುತ್ತದೆಯೇ ಅಂತಲೂ ಆಗಲೇ ಕೇಳಿ.

ಹೆಜ್ಜೆ 8: ಮಾದರಿಯನ್ನು ದಣಿಸಿ ನೋಡಿ

ದೊಡ್ಡ ಆರ್ಡರಿಗೆ ಮುಂಚೆ ಎರಡು ಮೂರು ಸ್ಯಾಂಪಲ್ ತರಿಸಿ. ನಿಜವಾದ ತೋಳು, ನಿಜವಾದ ಭಾರ ಹಾಕಿ. ಮೊದಲ ದಿನ ಹಾರ್ನಿಗೆ ಉದ್ದನೆ ಕಡ್ಡಿ ಕಟ್ಟಿ ತುದಿ ಎಷ್ಟು ಮಿ.ಮೀ. ಅಲ್ಲಾಡುತ್ತದೆ ಅಂತ ಬರೆದಿಡಿ. ಹಗಲು ರಾತ್ರಿ ಓಡಿಸಿ, ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ಸರ್ವೊ ಮೈ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿಯಾದರೆ ಹೆಜ್ಜೆ 1ಕ್ಕೆ ವಾಪಸ್.

ಕೊನೆಗೆ ಬಿಚ್ಚಿ ಗ್ರೀಸು ನೋಡಿ. ಮೊದಮೊದಲು ಸ್ವಲ್ಪ ಕಪ್ಪಾಗುವುದು ಸಹಜ, ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗುತ್ತಿರುತ್ತವೆ. ಒರೆಸಿ ಹೊಸ ಗ್ರೀಸು ಹಾಕಿ ಇನ್ನೊಂದು ವಾರ ಓಡಿಸಿ. ಮತ್ತೆ ಬಿಚ್ಚಿದಾಗಲೂ ಬೆರಳಿಗೆ ಮಿನುಗುವ ಪುಡಿ ಹತ್ತಿದರೆ ಆ ಸ್ಯಾಂಪಲ್ ವಾಪಸ್ ಕಳಿಸಿ, ಪುಡಿಯ ಫೋಟೊ ಸಮೇತ.