ಹತ್ತಡಿ ಕೋಣೆಗೆ ಎಷ್ಟು ಎಂಎಂ ಲೆನ್ಸ್ ಬೇಕು?

ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಗಳ ಫೋಟೊ ತೆಗೆಯಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಲ್ಲಕ್ಕಿಂತ ಅಗಲ ಕಾಣುವ ಲೆನ್ಸ್ ಯಾವುದು?" ನಾನೂ ಹಾಗೇ ಕೇಳಿದ್ದೆ. ಎಂಎಂ ಸಂಖ್ಯೆ, ಅಂದರೆ ಫೋಕಲ್ ಲೆಂಗ್ತ್, ಚಿಕ್ಕದಾದಷ್ಟೂ ನೋಟ ಅಗಲ ಎಂದು 12 ಎಂಎಂ ಲೆನ್ಸ್ ತಂದು ಒಂದು ಮನೆಯ ಫೋಟೊ ತೆಗೆದೆ. ಮಲಗುವ ಕೋಣೆ ಆಟದ ಮೈದಾನದಂತೆ ಕಂಡಿತು. ಮಾಲೀಕರಿಗೆ ಖುಷಿಯೋ ಖುಷಿ. ಮನೆ ನೋಡಲು ಬಂದ ದಂಪತಿ ಮಾತ್ರ ಬಾಗಿಲಲ್ಲೇ ನಿಂತು, "ಫೋಟೊದಲ್ಲಿದ್ದ ಆ ದೊಡ್ಡ ರೂಮ್ ಎಲ್ಲಿ?" ಎಂದು ಕೇಳಿದರು. ಅವರು ನಿಂತಿದ್ದದ್ದು ಅದೇ ರೂಮಿನ ಬಾಗಿಲಲ್ಲಿ.

ಅವತ್ತಿನಿಂದ ನಾನು ಲೆನ್ಸ್ ಹುಡುಕುವುದನ್ನು ಅಂಗಡಿಯಿಂದ ಶುರು ಮಾಡುವುದಿಲ್ಲ. ಕೋಣೆಯ ಮೂಲೆಯಿಂದ ಶುರು ಮಾಡುತ್ತೇನೆ. ನೀವೂ ಒಂದು ಟೇಪ್ ಹಿಡಿದುಕೊಂಡು ಬನ್ನಿ.

ಮೊದಲು ಸೆನ್ಸರ್ ನೋಡಿ

ಲೆನ್ಸ್ ಮೇಲೆ ಬರೆದ ಎಂಎಂ ಸಂಖ್ಯೆಗೆ ಒಂಟಿಯಾಗಿ ಅರ್ಥವಿಲ್ಲ. ಅದರ ಹಿಂದೆ, ಕ್ಯಾಮೆರಾದೊಳಗೆ, ಚಿತ್ರ ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಎನ್ನುವುದೂ ಸೇರಿದರೆ ಮಾತ್ರ ಎಷ್ಟು ಅಗಲ ಕಾಣುತ್ತದೆ ಎಂದು ಗೊತ್ತಾಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ. ಎಪಿಎಸ್-ಸಿ ಸೆನ್ಸರ್ ಇದಕ್ಕಿಂತ ಚಿಕ್ಕದು. ಹಾಗಾಗಿ ಅದರಲ್ಲಿ ಎಂಎಂ ಸಂಖ್ಯೆಯನ್ನು 1.5ರಿಂದ ಗುಣಿಸಿಕೊಳ್ಳಬೇಕು. ಕ್ಯಾನನ್‌ನ ಎಪಿಎಸ್-ಸಿ ಆದರೆ 1.6. ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಆದರೆ 2.

ಅಂದರೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಒಳ್ಳೇ ವೈಡ್ ಆಗಿದ್ದ 16 ಎಂಎಂ ಲೆನ್ಸನ್ನು ಎಪಿಎಸ್-ಸಿ ಕ್ಯಾಮೆರಾಗೆ ಹಾಕಿದರೆ ಅದು 24 ಎಂಎಂನಂತೆ ವರ್ತಿಸುತ್ತದೆ. ಹೊಸಬರು ಎಡವುವುದು ಇಲ್ಲೇ. ಗೆಳೆಯರು ಹೊಗಳಿದರು ಅಂತ 16-35 ಎಂಎಂ ಜೂಮ್ ತಂದು, ಕ್ಯಾಮೆರಾಗೆ ಹಾಕಿ, "ಏನೂ ಅಗಲ ಬರ್ತಾನೇ ಇಲ್ವಲ್ಲ" ಎಂದು ತಲೆ ಕೆರೆದುಕೊಳ್ಳುತ್ತಾರೆ. ಎಪಿಎಸ್-ಸಿ ಕ್ಯಾಮೆರಾ ಇದ್ದವರು ನೋಡಬೇಕಾದ್ದು 10-18, 10-20, 10-24 ಎಂಎಂ ತರದ ಲೆನ್ಸ್‌ಗಳನ್ನು. ಮೈಕ್ರೋ ಫೋರ್ ಥರ್ಡ್ಸ್‌ನವರು 7-14 ಅಥವಾ 8-18.

ಈ ಲೇಖನದಲ್ಲಿ ಮುಂದೆ ಬರುವ ಎಂಎಂ ಲೆಕ್ಕವೆಲ್ಲ ಫುಲ್ ಫ್ರೇಮ್‌ನದು. ನಿಮ್ಮ ಕ್ಯಾಮೆರಾಗೆ ತಕ್ಕಂತೆ ಭಾಗಿಸಿಕೊಳ್ಳಿ.

ಈಗ ಮೂಲೆಗೆ ಹೋಗಿ ನಿಂತುಕೊಳ್ಳಿ

ಕೋಣೆಯ ಫೋಟೊ ತೆಗೆಯುವವರು ಬಹುತೇಕ ಮೂಲೆಯಲ್ಲೋ ಬಾಗಿಲಲ್ಲೋ ಬೆನ್ನು ಒತ್ತಿ ನಿಂತಿರುತ್ತಾರೆ. ಮೂಲೆ ಎಂದರೇನು? ಎರಡು ಗೋಡೆ ಸೇರುವ ಜಾಗ, 90 ಡಿಗ್ರಿ ಕೋನ. ನಿಮ್ಮ ಮುಂದಿರುವ ಕೋಣೆ ಪೂರ್ತಿ ಆ 90 ಡಿಗ್ರಿಯೊಳಗೇ ಇದೆ.

ತಮಾಷೆ ಏನೆಂದರೆ, ಫುಲ್ ಫ್ರೇಮ್‌ನಲ್ಲಿ 18 ಎಂಎಂ ಲೆನ್ಸ್ ಎಡದಿಂದ ಬಲಕ್ಕೆ ನೋಡುವುದೂ ಸರಿಯಾಗಿ 90 ಡಿಗ್ರಿಯನ್ನೇ. ಎಪಿಎಸ್-ಸಿಯಲ್ಲಿ ಅದು ಸುಮಾರು 12 ಎಂಎಂ, ಕ್ಯಾನನ್‌ನಲ್ಲಿ 11, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 9ಕ್ಕಿಂತ ಚೂರು ಕಡಿಮೆ. ಈ ಒಂದು ಸಂಖ್ಯೆ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಆದರೆ ಲೆನ್ಸ್ ಗೋಡೆಯೊಳಗೆ ಹೂತು ನಿಲ್ಲುವುದಿಲ್ಲ ಅಲ್ವಾ? ಟ್ರೈಪಾಡ್‌ಗೆ ಕಾಲಿದೆ, ನಿಮಗೆ ಹೊಟ್ಟೆಯಿದೆ. ಎರಡೂ ಗೋಡೆಗಳಿಂದ ಒಂದೊಂದು ಅಡಿ ದೂರವಂತೂ ಆಗಿಯೇ ಆಗುತ್ತದೆ. 10 ಅಡಿ ಚೌಕದ ಕೋಣೆಯಲ್ಲಿ ಹೀಗೆ ನಿಂತು ಎದುರು ಮೂಲೆಗೆ ಲೆನ್ಸ್ ತಿರುಗಿಸಿದರೆ, ಎದುರಿನ ಎರಡು ಗೋಡೆಗಳ ತುದಿಯಲ್ಲಿ ಒಂದೊಂದು ಅಡಿ ಪಟ್ಟಿ 18 ಎಂಎಂಗೆ ತಪ್ಪಿಹೋಗುತ್ತದೆ. 16 ಎಂಎಂ ಹಾಕಿದರೆ ಆ ಪಟ್ಟಿಯಲ್ಲಿ ಅರ್ಧದಷ್ಟು ಒಳಗೆ ಬರುತ್ತದೆ. 14 ಎಂಎಂ ಹಾಕಿದರೆ ಪೂರ್ತಿ ಬರುತ್ತದೆ. ಅದಕ್ಕಿಂತ ಅಗಲಕ್ಕೆ ಹೋದರೆ? ನಿಮ್ಮ ಪಕ್ಕದಲ್ಲೇ ಇರುವ ಗೋಡೆಯ ಬಣ್ಣ ಇನ್ನಷ್ಟು ಕಾಣುತ್ತದೆ, ಅಷ್ಟೇ. ಕೋಣೆ ಜಾಸ್ತಿಯೇನೂ ಸಿಗುವುದಿಲ್ಲ. ಈ ಕೆಲಸ ಮಾಡುವವರ ಬ್ಯಾಗಿನಲ್ಲಿ ಹೆಚ್ಚಾಗಿ 16-35 ಅಥವಾ 14-30 ಇರುವುದು ಸುಮ್ನೆ ಅಲ್ಲ.

ಗೋಡೆಗೆ ನೇರವಾಗಿ ನಿಂತು ತೆಗೆಯುವ ಫೋಟೊಗೆ ಬೇರೆ ಲೆಕ್ಕ. ಅದೂ ಸುಲಭ. 36ನ್ನು ಎಂಎಂನಿಂದ ಭಾಗಿಸಿ, ಬಂದದ್ದನ್ನು ಗೋಡೆಗಿರುವ ದೂರದಿಂದ ಗುಣಿಸಿ. ಗೋಡೆ 10 ಅಡಿ ದೂರದಲ್ಲಿದ್ದರೆ 24 ಎಂಎಂ ಲೆನ್ಸ್‌ಗೆ 15 ಅಡಿ ಅಗಲ ಕಾಣುತ್ತದೆ. 18 ಎಂಎಂಗೆ 20 ಅಡಿ. 12 ಎಂಎಂಗೆ 30 ಅಡಿ. ಹತ್ತಡಿ ಅಗಲದ ಗೋಡೆಗೆ 30 ಅಡಿ ಇಟ್ಟುಕೊಂಡು ಏನು ಮಾಡುತ್ತೀರಿ?

ದುಡ್ಡು ಖರ್ಚಿಲ್ಲದೆ ಇದನ್ನು ಕಣ್ಣಾರೆ ನೋಡಬೇಕೆಂದರೆ ಜೇಬಿನಿಂದ ಫೋನ್ ತೆಗೆಯಿರಿ. ಬಹಳಷ್ಟು ಫೋನ್‌ಗಳ ಮುಖ್ಯ ಕ್ಯಾಮೆರಾ 24ರಿಂದ 26 ಎಂಎಂ ಆಸುಪಾಸಿನ ನೋಟ ಕೊಡುತ್ತದೆ. 0.5 ಎಂದು ತೋರಿಸುವ ಅಲ್ಟ್ರಾ ವೈಡ್ ಸುಮಾರು 13 ಎಂಎಂನದು. ಒಂದೇ ಮೂಲೆಯಿಂದ ಎರಡರಲ್ಲೂ ತೆಗೆದು ನೋಡಿ. ನಿಮಗೆ ಬೇಕಾದದ್ದು ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಅಂಚಿನಲ್ಲಿ ದೀಪ ಮೊಟ್ಟೆಯಾಗುತ್ತದೆ

ಅಗಲ ಜಾಸ್ತಿಯಾದಷ್ಟೂ ಅದಕ್ಕೆ ತಕ್ಕ ಬೆಲೆಯನ್ನು ಫೋಟೊದ ಅಂಚು ತೆರುತ್ತದೆ. ದುಂಡಗಿನ ದೀಪವೊಂದು ಫ್ರೇಮಿನ ಎಡ ತುದಿಯಲ್ಲಿದೆ ಎಂದುಕೊಳ್ಳಿ. 24 ಎಂಎಂನಲ್ಲಿ ಅದು ಅಡ್ಡಡ್ಡ 1.25 ಪಟ್ಟು ಎಳೆದಂತೆ ಕಾಣುತ್ತದೆ. ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. 18 ಎಂಎಂನಲ್ಲಿ 1.4 ಪಟ್ಟು. 12 ಎಂಎಂನಲ್ಲಿ 1.8 ಪಟ್ಟು, ಅಂದರೆ ಹೆಚ್ಚೂ ಕಡಿಮೆ ಎರಡರಷ್ಟು. ಅಷ್ಟರಲ್ಲಿ ದೀಪ ಮೊಟ್ಟೆಯಾಗಿರುತ್ತದೆ, ಪಕ್ಕದ ಕುರ್ಚಿ ಸೋಫಾ ಆಗಿರುತ್ತದೆ.

ಇದು ಲೆನ್ಸ್ ಕೆಟ್ಟದ್ದು ಎಂಬುದರ ಗುರುತಲ್ಲ. ಎಷ್ಟೇ ದುಬಾರಿ ಲೆನ್ಸ್ ತಂದರೂ ಇಷ್ಟೇ. ಗೋಡೆಯ ಗೆರೆಗಳನ್ನು ನೇರವಾಗಿ ಇಟ್ಟುಕೊಂಡು, ಅಗಲವಾದ ನೋಟವನ್ನು ಚಪ್ಪಟೆ ಸೆನ್ಸರ್ ಮೇಲೆ ಹರಡಿದಾಗ ಅಂಚು ಹಿಗ್ಗಲೇಬೇಕು.

ಬ್ಯಾರಲ್ ಡಿಸ್ಟಾರ್ಷನ್ ಬೇರೆ ಸಂಗತಿ. ಅಲ್ಲಿ ನೇರ ಬಾಗಿಲು ಚೌಕಟ್ಟು ಬಿಲ್ಲಿನಂತೆ ಬಾಗುತ್ತದೆ. ಇದು ಲೆನ್ಸ್‌ನದೇ ದೋಷ. ಆದರೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಲೆನ್ಸ್‌ನ ಪ್ರೊಫೈಲ್ (ಅದರ ದೋಷ ಸರಿಪಡಿಸುವ ಸಿದ್ಧ ಲೆಕ್ಕ) ಒತ್ತಿದರೆ ಬಹುಪಾಲು ಸರಿಹೋಗುತ್ತದೆ. ಆದ್ದರಿಂದ ವಿಮರ್ಶೆಗಳಲ್ಲಿ ಡಿಸ್ಟಾರ್ಷನ್ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಲೆನ್ಸ್‌ನ ಪ್ರೊಫೈಲ್ ಇದೆಯಾ ಎಂದು ಮಾತ್ರ ನೋಡಿಕೊಳ್ಳಿ. ಫಿಶ್‌ಐ ಲೆನ್ಸ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ. ಗೋಡೆ ಬಾಗುವುದೇ ಅದರ ಸ್ವಭಾವ.

ಎಫ್/2.8ಕ್ಕೆ ದುಡ್ಡು ಸುರಿಯಬೇಡಿ

ಎಫ್ ಸಂಖ್ಯೆ ಎಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರದ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು, ಬೆಳಕು ಜಾಸ್ತಿ. ಅಂಗಡಿಯವರು ಖಂಡಿತ ಎಫ್/2.8 ಲೆನ್ಸ್ ಎದುರಿಗಿಡುತ್ತಾರೆ. ದೊಡ್ಡದು, ಭಾರದ್ದು, ದುಬಾರಿ. ಮದುವೆ ಫೋಟೊಗೆ, ರಾತ್ರಿ ಆಕಾಶಕ್ಕೆ ಅದು ಬೇಕು. ಖಾಲಿ ಕೋಣೆಗೆ ಬೇಡ. ಸೋಫಾ ಓಡಿಹೋಗುವುದಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ರಲ್ಲಿ, ಅರ್ಧ ಸೆಕೆಂಡೋ ಒಂದು ಸೆಕೆಂಡೋ ಶಟರ್ ತೆರೆದಿಟ್ಟರೆ ಆಯಿತು.

ನೀವು ಬಳಸುವುದು ಎಫ್/8 ಆಸುಪಾಸನ್ನೇ. 16 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಟ್ಟು, ಒಂದು ಮೀಟರ್‌ಗಿಂತ ಸ್ವಲ್ಪ ಆಚೆ ಫೋಕಸ್ ಮಾಡಿದರೆ, ಅರ್ಧ ಮೀಟರ್‌ನಿಂದ ಹಿಡಿದು ಕಿಟಕಿಯಾಚೆಯ ಮರದ ತನಕ ಎಲ್ಲವೂ ಸ್ಪಷ್ಟ. ಎಫ್/16ರ ಆಚೆಗೆ ಹೋಗಬೇಡಿ. ಸಣ್ಣ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ (ಡಿಫ್ರ್ಯಾಕ್ಷನ್) ಇಡೀ ಚಿತ್ರ ಮೆತ್ತಗಾಗುತ್ತದೆ, ಅಂದರೆ ಮಸುಕಾಗುತ್ತದೆ.

ಆದ್ದರಿಂದ ಎಫ್/4 ಜೂಮ್ ಸಾಕು. ನಿಕಾನ್ ಝಡ್ ಕ್ಯಾಮೆರಾಗೆ 14-30 ಎಫ್/4, ಕ್ಯಾನನ್ ಆರ್‌ಎಫ್‌ಗೆ 14-35 ಎಫ್/4, ಸೋನಿಗೆ 16-35 ಎಫ್/4, ಎಪಿಎಸ್-ಸಿ ಸೆನ್ಸರ್‌ನ ಫ್ಯೂಜಿಗೆ 10-24 ಎಫ್/4 ಇವೆ. ಹಳೇ ಕ್ಯಾನನ್ ಎಪಿಎಸ್-ಸಿ ಡಿಎಸ್‌ಎಲ್‌ಆರ್ ಇದ್ದರೆ 2014ರಲ್ಲಿ ಬಂದ ಇಎಫ್-ಎಸ್ 10-18 ಎಂಎಂ ನೋಡಿ. 240 ಗ್ರಾಂ ತೂಕ, ಪ್ಲಾಸ್ಟಿಕ್ ಮೈ, ಆದರೂ ಎಫ್/8ರಲ್ಲಿ ಚೆನ್ನಾಗಿಯೇ ದುಡಿಯುತ್ತದೆ.

ಎಂಎಂ ಬದಲಿಸಬಹುದಾದ ಜೂಮೋ, ಒಂದೇ ಎಂಎಂನ ಪ್ರೈಮೋ? ಜೂಮ್. ಬೆನ್ನ ಹಿಂದೆ ಗೋಡೆ ಇರುವಾಗ ಎರಡು ಹೆಜ್ಜೆ ಹಿಂದೆ ಹೋಗಲು ಜಾಗವಿಲ್ಲ.

ಕಂಬಗಳು ವಾಲಬಾರದು

ಮನೆಯ ಫೋಟೊದಲ್ಲಿ ನಾನು ಮೊದಲು ನೋಡುವುದು ಬಾಗಿಲಿನ ಅಂಚು. ಅದು ವಾಲಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಮನೆಯೇ ಬೀಳುತ್ತಿರುವಂತೆ ಕಾಣುತ್ತದೆ. ಕಾರಣ ಒಂದೇ: ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿರುತ್ತಾರೆ. ಕ್ಯಾಮೆರಾ ನೆಲಕ್ಕೆ ಸಮವಾಗಿ ಇದ್ದರೆ ಗೋಡೆ ವಾಲುವುದಿಲ್ಲ. ಲೆನ್ಸ್ ಅಗಲವಾದಷ್ಟೂ ಸಣ್ಣ ಬಾಗೂ ದೊಡ್ಡದಾಗಿ ಕಾಣುತ್ತದೆ.

ಸಮವಾಗಿ ಇಟ್ಟರೆ ಇನ್ನೊಂದು ತಕರಾರು. ಸೂರು ಜಾಸ್ತಿ, ನೆಲ ಕಡಿಮೆ. ಅಥವಾ ಉಲ್ಟಾ. ಇದಕ್ಕೆ ಎರಡು ದಾರಿ. ದುಬಾರಿ ದಾರಿ ಶಿಫ್ಟ್ ಲೆನ್ಸ್: ಕ್ಯಾಮೆರಾ ಅಲುಗಿಸದೆ ಲೆನ್ಸನ್ನೇ ಮೇಲೆ ಕೆಳಗೆ ಸರಿಸಬಹುದು. ಕ್ಯಾನನ್ ಟಿಎಸ್-ಇ 17 ಎಂಎಂ, ನಿಕಾನ್ ಪಿಸಿ 19 ಎಂಎಂ ಇಂಥವು. ಆಟೊ ಫೋಕಸ್ ಇರುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ದೊಡ್ಡ ಕಟ್ಟಡಗಳ ಕೆಲಸ ಸಿಕ್ಕಾಗ ಇವುಗಳ ಬಗ್ಗೆ ಯೋಚಿಸಿ.

ಅಗ್ಗದ ದಾರಿ ಕತ್ತರಿ. ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ ತೆಗೆಯಿರಿ, ಆಮೇಲೆ ಜಾಸ್ತಿಯಾದ ಸೂರನ್ನು ಕ್ರಾಪ್ ಮಾಡಿ. ಶಿಫ್ಟ್ ಲೆನ್ಸ್ ಮಾಡುವುದೂ ಹೆಚ್ಚೂ ಕಡಿಮೆ ಇದನ್ನೇ, ನಿಮಗೆ ಒಂದಷ್ಟು ಪಿಕ್ಸೆಲ್ ನಷ್ಟ ಅಷ್ಟೇ. 14 ಎಂಎಂ ನನಗೆ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಈ ಕಾರಣಕ್ಕೇ. ಅಗಲಕ್ಕಲ್ಲ, ಕತ್ತರಿಸುವುದಕ್ಕೆ.

ಕೊಳ್ಳುವ ಮುಂಚೆ ಎರಡು ದಿನ ಬಾಡಿಗೆಗೆ ತನ್ನಿ

ಲೆನ್ಸ್ ಬಾಡಿಗೆಗೆ ಸಿಕ್ಕರೆ ತಂದು ನಿಮ್ಮದೇ ಮನೆಯ ಎಲ್ಲ ಕೋಣೆಗಳನ್ನೂ ತೆಗೆಯಿರಿ. ಬಚ್ಚಲುಮನೆ ಬಿಡಬೇಡಿ. ಎಲ್ಲಕ್ಕಿಂತ ಕಷ್ಟ ಅದೇ. ಬಾಗಿಲಾಚೆಯಿಂದ, ಕ್ಯಾಮೆರಾ ಉದ್ದುದ್ದ ತಿರುಗಿಸಿ ನೋಡಿ. ಆಮೇಲೆ ನಿಮಗೆ ಇಷ್ಟವಾದ ಹತ್ತು ಫೋಟೊ ಆರಿಸಿ, ಒಂದೊಂದೂ ಎಷ್ಟು ಎಂಎಂನಲ್ಲಿ ಬಂದಿದೆ ಎಂದು ಫೈಲ್ ಮಾಹಿತಿಯಲ್ಲಿ ನೋಡಿ. ನಾನು ಹೀಗೆ ಮಾಡಿದಾಗ ಒಂಬತ್ತು ಫೋಟೊ 17ರಿಂದ 24ರ ಒಳಗಿದ್ದವು. ಅಷ್ಟು ಆಸೆಪಟ್ಟು ತಂದಿದ್ದ 12 ಎಂಎಂ ಲೆನ್ಸ್ ನೆನೆದು ಹೊಟ್ಟೆ ಉರಿಯಿತು.

ಇನ್ನೊಂದು ಪರೀಕ್ಷೆ ಕಿಟಕಿಯದು. ಬೆಳಕು ತುಂಬಿದ ಕಿಟಕಿಯನ್ನು ಫ್ರೇಮಿನ ಮೂಲೆಯಲ್ಲಿ ಇಟ್ಟು ತೆಗೆಯಿರಿ. ಕೋಣೆಯ ಮೇಲೆ ಮಂಜು ಕವಿದಂತೆ ಆಗುತ್ತದೆಯಾ? ಬಣ್ಣದ ಚುಕ್ಕೆಗಳು ತೇಲುತ್ತವೆಯಾ? ಕಿಟಕಿ ಸರಳಿನ ಪಕ್ಕ ನೇರಳೆ ಅಥವಾ ಹಸಿರು ಗೆರೆ ಇದೆಯಾ? ಆ ಬಣ್ಣದ ಗೆರೆಯನ್ನು ಸಾಫ್ಟ್‌ವೇರ್ ತೆಗೆದುಹಾಕುತ್ತದೆ. ಮಂಜನ್ನು ತೆಗೆಯುವುದು ಕಷ್ಟ. ಮನೆ ಫೋಟೊದಲ್ಲಿ ಕಿಟಕಿ ಇಲ್ಲದ ಫ್ರೇಮೇ ಅಪರೂಪ. ಹಾಗಾಗಿ ಇದರಲ್ಲಿ ಸೋತ ಲೆನ್ಸನ್ನು ನಾನು ಮುಟ್ಟುವುದಿಲ್ಲ.

ಕೊಂಡ ಮೇಲೆ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ, ಟೈಲ್ಸ್ ಹಾಕಿದ ಗೋಡೆಯ ಮುಂದೆ ಕ್ಯಾಮೆರಾ ನೇರವಾಗಿ ನಿಲ್ಲಿಸಿ ಎಫ್/4 ಮತ್ತು ಎಫ್/8ರಲ್ಲಿ ಒಂದೊಂದು ಫೋಟೊ ತೆಗೆಯಿರಿ. ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ಹೋಲಿಸಿ. ಎಫ್/4ರಲ್ಲಿ ನಾಲ್ಕೂ ಸಮವಾಗಿ ಸ್ವಲ್ಪ ಮೆತ್ತಗಿದ್ದರೆ ಪರವಾಗಿಲ್ಲ. ಎಡ ಮೂಲೆ ಚೂಪು, ಬಲ ಮೂಲೆ ಮಸುಕು ಎಂದಾದರೆ ಒಳಗಿನ ಗಾಜು ಸರಿಯಾಗಿ ಕೂತಿಲ್ಲದಿರಬಹುದು. ಕ್ಯಾಮೆರಾ ಓರೆ ಇಲ್ಲವೆಂದು ಖಚಿತ ಮಾಡಿಕೊಂಡು ಮತ್ತೊಮ್ಮೆ ತೆಗೆಯಿರಿ. ಆಗಲೂ ಹಾಗೇ ಬಂದರೆ ವಾಪಸ್ ಕೊಡಿ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯಾ ಎಂದೂ ನೋಡಿ.

ಇಷ್ಟಾದ ಮೇಲೆ ಒಂದು ಚೂರು ಬಿಳಿ ಟೇಪ್ ಕತ್ತರಿಸಿ ಜೂಮ್ ರಿಂಗ್ ಪಕ್ಕದಲ್ಲಿ, 18 ಬರುವ ಜಾಗದಲ್ಲಿ ಅಂಟಿಸಿ. ಎಷ್ಟೋ ಲೆನ್ಸ್‌ಗಳ ಮೇಲೆ 18 ಎಂದು ಅಚ್ಚಾಗಿರುವುದೇ ಇಲ್ಲ. 16 ಆದ ಮೇಲೆ 20 ಎಂದಿರುತ್ತದೆ. ಪ್ರತಿ ಕೋಣೆಯಲ್ಲೂ ಮೊದಲ ಫೋಟೊ ಆ ಟೇಪಿನ ಗುರುತಿನಲ್ಲಿ ತೆಗೆಯಿರಿ. ಅಗಲ ಸಾಲದು ಅನಿಸಿದರೆ ಮಾತ್ರ ರಿಂಗ್ ತಿರುಗಿಸಿ.