ಹಳೇ ಪುಸ್ತಕ ನೆಟ್‌ಗೆ ಹಾಕುವ ಮುನ್ನ ವರ್ಷ ಎಣಿಸುವುದು ಹೇಗೆ?

ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮೂರು ವಾರ ಕೂತು 240 ಪುಟದ ಕಾದಂಬರಿಯೊಂದನ್ನು ಸ್ಕ್ಯಾನ್ ಮಾಡಿದರು. ಮೊದಲ ಮುದ್ರಣ 1952, ಅರವತ್ತು ವರ್ಷ ಆಯ್ತಲ್ಲ, ಕಾಪಿರೈಟ್ ಮುಗಿಯಿತು, ಇನ್ನು ಯಾರು ಬೇಕಾದರೂ ಹಂಚಬಹುದು ಅನ್ನುವುದು ಅವರ ಲೆಕ್ಕ. ಆದರೆ ಲೇಖಕರು ತೀರಿಕೊಂಡದ್ದು 1983ರಲ್ಲಿ. ಲೇಖಕರ ಮನೆಯವರು ತಕರಾರು ತೆಗೆದರು, ಎಲ್ಲವನ್ನೂ ಅಳಿಸಬೇಕಾಯಿತು. ಇದಕ್ಕೆ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಎಂದೋ ಎಲ್ಲರ ಸ್ವತ್ತಾದ ಪುಸ್ತಕವನ್ನು ಕೇಸು ಬಿದ್ದೀತೆಂದು ಹೆದರಿ ಅಟ್ಟದಲ್ಲಿ ಗೆದ್ದಲಿಗೆ ಬಿಟ್ಟಿರುತ್ತಾರೆ. ನನಗೆ ಅದೇ ಜಾಸ್ತಿ ಸಂಕಟ.

ಮೊದಲು ಲೇಖಕರು ತೀರಿಕೊಂಡ ವರ್ಷ ಹುಡುಕಿ. ಬದುಕಿದ್ದರೆ ಅನುಮತಿ ಕೇಳಿ, ಅಷ್ಟೇ.

ಈಗ ಎಣಿಕೆ. ಎಡವುವುದೇ ಇಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಆ 60 ಶುರುವಾಗುವುದು ತೀರಿಕೊಂಡ ದಿನದಿಂದಲ್ಲ, ಮುಂದಿನ ಜನವರಿ 1ರಿಂದ. ಬಿ.ಎಂ. ಶ್ರೀ ತೀರಿಕೊಂಡದ್ದು 1946ರ ಜನವರಿಯಲ್ಲಿ, ಕೈಲಾಸಂ ಅದೇ ವರ್ಷ ನವೆಂಬರಿನಲ್ಲಿ. ನಡುವೆ ಹತ್ತು ತಿಂಗಳ ಅಂತರವಿದ್ದರೂ, ಇಬ್ಬರೂ ಬದುಕಿದ್ದಾಗ ಪ್ರಕಟವಾದ ಬರಹಗಳು ಒಂದೇ ದಿನ, 2007ರ ಜನವರಿ 1ಕ್ಕೆ, ಎಲ್ಲರದ್ದಾದವು. ಡಿವಿಜಿ 1975ರಲ್ಲಿ ತೀರಿಕೊಂಡರು, ಅವರದಕ್ಕೆ 2036ರವರೆಗೆ ಕಾಯಬೇಕು. ಸುಲಭದ ದಾರಿ: ತೀರಿಕೊಂಡ ವರ್ಷಕ್ಕೆ 61 ಕೂಡಿಸಿ, ಆ ವರ್ಷದ ಮೊದಲ ದಿನವೇ ಬಿಡುಗಡೆ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಿರಿ. ಲೇಖಕರು ಹೋದ ಮೇಲೆ ಮೊದಲ ಬಾರಿಗೆ ಅಚ್ಚಾದ ಬರಹವಾದರೆ ಮಾತ್ರ ಅಚ್ಚಾದ ವರ್ಷಕ್ಕೆ 61 ಕೂಡಿಸಬೇಕು.

ಇನ್ನೊಂದು ಹಳ್ಳ ಇದೆ. ಒಂದೇ ಪುಸ್ತಕದೊಳಗೆ ನಾಲ್ಕು ಜನರ ಹಕ್ಕು ಇರಬಹುದು. ಮೂಲ ಹತ್ತನೇ ಶತಮಾನದ ಕಾವ್ಯವೇ ಆಗಿರಲಿ, ಅದಕ್ಕೆ ಈಚಿನವರು ಬರೆದ ಮುನ್ನುಡಿ, ಹೊಸಗನ್ನಡ ಅನುವಾದ, ಟಿಪ್ಪಣಿ, ಮುಖಪುಟದ ಚಿತ್ರ, ಇವೆಲ್ಲಕ್ಕೂ ಬೇರೆ ಬೇರೆ ಲೆಕ್ಕ. ಒಂದೊಂದಕ್ಕೂ ಹೆಸರು ನೋಡಿ ಎಣಿಸಿ, ಸಂದೇಹ ಬಂದ ಪುಟ ಬಿಟ್ಟುಬಿಡಿ. ಮರುಮುದ್ರಣದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅಂತ ಇದ್ದರೆ ಹೆದರಬೇಡಿ, ಅವಧಿ ಮುಗಿದ ಬರಹಕ್ಕೆ ಆ ಸಾಲು ಮತ್ತೆ ಬೀಗ ಹಾಕಲಾರದು. ಆದರೂ ಹಳೇ ಮುದ್ರಣ ಸಿಕ್ಕರೆ ಅದನ್ನೇ ಸ್ಕ್ಯಾನ್ ಮಾಡಿ. ಅಂದಹಾಗೆ, ನೆಟ್‌ನಲ್ಲಿ ಆಗಲೇ ಪಿಡಿಎಫ್ ಇದೆ ಅನ್ನುವುದು ಯಾವುದಕ್ಕೂ ಆಧಾರವಲ್ಲ.

ಸ್ಕ್ಯಾನ್ 300 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ), ಬಣ್ಣದಲ್ಲೇ. ಕಪ್ಪು-ಬಿಳುಪು ಮಾಡುವ ಫೋನ್ ಆ್ಯಪ್‌ಗಳನ್ನು ಮುಟ್ಟಲೇಬೇಡಿ. ಹಳೇ ಅಚ್ಚಿನ ತೆಳು ಒತ್ತಕ್ಷರವನ್ನು ಅವು ತಿಂದುಹಾಕುತ್ತವೆ, ‘ಅಣ್ಣ’ ಹೋಗಿ ‘ಅಣ’ ಆಗುತ್ತದೆ. ಹಾಕಲು ಕನ್ನಡ ವಿಕಿಸೋರ್ಸ್ ಎಂಬ ಉಚಿತ ಆನ್‌ಲೈನ್ ಪುಸ್ತಕ ಭಂಡಾರ ಒಳ್ಳೆಯ ಜಾಗ.

ಅವಧಿ ಮುಗಿದಿಲ್ಲವೇ? ಹಕ್ಕು ಮನೆಯವರದ್ದೋ ಪ್ರಕಾಶಕರದ್ದೋ ಮೊದಲು ವಿಚಾರಿಸಿ, ಅನುಮತಿಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ‘ಆಯ್ತು ಮಾಡಿ’ ಅಂದದ್ದು ಸಾಲದು. ಅನುಮತಿ ಸಿಗದಿದ್ದರೂ ಓದುಗರ ಕೈ ಪೂರ್ತಿ ಕಟ್ಟಿಲ್ಲ. ನಿಮ್ಮ ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ಬೇಕಾದಷ್ಟು ಭಾಗವನ್ನು ನ್ಯಾಯವಾಗಿ ಬಳಸಲು ಕಾಯ್ದೆಯ 52ನೇ ಸೆಕ್ಷನ್ ಬಿಡುತ್ತದೆ. ಅಂಗವೈಕಲ್ಯ ಇರುವವರು ಓದಲು ಆಗುವ ರೂಪಕ್ಕೆ ಪುಸ್ತಕವನ್ನು ತರುವುದಕ್ಕೆ, ಲಾಭದ ಆಸೆ ಇಲ್ಲದಿದ್ದರೆ, 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅದನ್ನು ಅವರಿಗೇ ಕೊಡಿ, ಯೂಟ್ಯೂಬಿಗೆ ಹಾಕಬೇಡಿ. ಮೇಷ್ಟ್ರು ಈಗ ಅದೇ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯ ಓದಿ ರೆಕಾರ್ಡ್ ಮಾಡುತ್ತಿದ್ದಾರೆ, ಅವರ ಬೀದಿಯಲ್ಲೇ ಇರುವ, ಕಣ್ಣು ಕಾಣದ ಬಿ.ಎ. ಹುಡುಗಿಗಾಗಿ.