ಆಟಗಳಲ್ಲಿ ಆಸ್ಟನ್ ಮಾರ್ಟಿನ್ ಡಿಬಿ9 ಓಡಿಸುವುದು ಹೇಗೆ? ಕೀಬೋರ್ಡ್‌ನವನ ಸಲಹೆಗಳು

ಹಳೆಯ ರೇಸಿಂಗ್ ಆಟಗಳಲ್ಲಿ ಡಿಬಿ9 ಆರಿಸಿಕೊಂಡವರು ಎರಡು ರೇಸ್ ಆಡಿ ಬಿಟ್ಟುಬಿಡುವುದೇ ಜಾಸ್ತಿ. "ನೋಡೋಕೆ ಚೆನ್ನಾಗಿದೆ, ಆದ್ರೆ ತಿರುಗೋದೇ ಇಲ್ಲ" ಅಂತ ದೂರು. ನನ್ನ ಭಾವಮೈದನೂ ಇದನ್ನೇ ಹೇಳುತ್ತಾನೆ. ಅವನು ಪೋರ್ಷೆ ಓಡಿಸುವ ಹಾಗೆ ಇದನ್ನೂ ಓಡಿಸುತ್ತಾನೆ, ಗೋಡೆಗೆ ಗುದ್ದುತ್ತಾನೆ, ಆಮೇಲೆ ಕಾರಿಗೆ ಬೈಯುತ್ತಾನೆ.

ನಾನು ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಆಡಲು ಕಲಿತವನು. ಆಟದ ಸ್ಟೀರಿಂಗ್ ವೀಲ್ ನಮ್ಮ ಕಡೆ ಯಾರ ಹತ್ತಿರವೂ ಇರಲಿಲ್ಲ. ಇವತ್ತಿಗೂ ನನ್ನದು ಬಾಣದ ಕೀಗಳೇ. ಹಾಗಾಗಿ ಇಲ್ಲಿರುವ ಸಲಹೆಗಳು ಕೀಬೋರ್ಡ್ ಕುಟ್ಟುವವರಿಗೆ ಮೊದಲು, ಉಳಿದವರಿಗೆ ಆಮೇಲೆ.

ಮೊದಲು ಇದು ಎಂಥ ಕಾರು ಅಂತ ತಿಳಿದುಕೊಳ್ಳಿ. 2003ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಇದನ್ನು ತೋರಿಸಿದರು. ಇಂಗ್ಲೆಂಡಿನ ಗೇಡನ್‌ನಲ್ಲಿ ಕಂಪನಿ ಕಟ್ಟಿದ ಹೊಸ ಕಾರ್ಖಾನೆಯಿಂದ ಹೊರಬಂದ ಮೊದಲ ಮಾಡೆಲ್ ಇದೇ. ಮುಂದೆ 5.9 ಲೀಟರಿನ ವಿ12 ಎಂಜಿನ್, ಸುಮಾರು 450 ಅಶ್ವಶಕ್ತಿ, ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗ. ಗೇರ್ ಬಾಕ್ಸ್ ಮಾತ್ರ ಹಿಂದಿನ ಚಕ್ರಗಳ ಹತ್ತಿರ ಇದೆ. ಹಾಗೆ ಇಟ್ಟಿದ್ದರಿಂದ ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮ ಹಂಚಿಹೋಗುತ್ತದೆ. ಚೌಕಟ್ಟು ಅಲ್ಯೂಮಿನಿಯಂ ಆದರೂ ತೂಕ 1,700 ಕೆ.ಜಿ. ದಾಟುತ್ತದೆ. ಒಳಗೆ ಚರ್ಮದ ಸೀಟು, ಮರದ ಪಟ್ಟಿ ಎಲ್ಲ ಇವೆ. ಲಂಡನ್ನಿನಲ್ಲಿ ತಿಂಡಿ ತಿಂದು ಹೊರಟು, ರಾತ್ರಿ ಊಟಕ್ಕೆ ದಕ್ಷಿಣ ಫ್ರಾನ್ಸ್ ಸೇರುವವರಿಗಾಗಿ ಮಾಡಿದ ಕಾರು ಇದು. ಟ್ರ್ಯಾಕಿನಲ್ಲಿ ಸುತ್ತು ಹೊಡೆಯಲಿಕ್ಕೆ ಅಂತ ಮಾಡಿದ್ದಲ್ಲ. ಆಟ ಯಾವುದೇ ಇರಲಿ, ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಈಗ ಬ್ರೇಕಿನ ವಿಷಯ. ತಿರುವಿನೊಳಗೆ ಹೋಗಿ ಬ್ರೇಕ್ ಹಿಡಿಯಬೇಡಿ. ಆಗುಂಬೆ ಘಾಟಿ ಇಳಿಸುವ ಬಸ್ ಡ್ರೈವರುಗಳನ್ನು ನೋಡಿದ್ದೀರಲ್ವಾ? ತಿರುವು ಬರುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ, ಆಮೇಲೆ ನಿಧಾನವಾಗಿ ಸ್ಟೀರಿಂಗ್ ತಿರುಗಿಸುತ್ತಾರೆ. ಡಿಬಿ9ಗೂ ಅದೇ ಲೆಕ್ಕ. ನೇರ ರಸ್ತೆಯಲ್ಲಿರುವಾಗಲೇ ಬ್ರೇಕ್ ಮುಗಿಸಿ. ತಿರುವಿನ ಮಧ್ಯ ತಲುಪುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಮೂತಿ ಹೊರದಾರಿಯ ಕಡೆ ನೋಡಿದ ಮೇಲೆ ಒತ್ತಿ. ಎಂಜಿನ್ ತಗ್ಗಿನ ಆರ್‌ಪಿಎಂನಿಂದಲೇ ಚೆನ್ನಾಗಿ ಎಳೆಯುತ್ತದೆ, ಹಾಗಾಗಿ ನಿಧಾನವಾಗಿ ಒಳಗೆ ಹೋದರೂ ಹೊರಬರುವಾಗ ನಷ್ಟ ಇಲ್ಲ.

ಕೀಬೋರ್ಡಿನಲ್ಲಿ ಬಾಣದ ಕೀ ಒತ್ತಿದರೆ ಪೂರ್ತಿ ತಿರುಗುತ್ತದೆ, ಬಿಟ್ಟರೆ ಪೂರ್ತಿ ನೇರ. ಅರ್ಧಂಬರ್ಧ ಅನ್ನುವುದೇ ಇಲ್ಲ. ಆದ್ದರಿಂದ ಒತ್ತಿ ಹಿಡಿಯಬೇಡಿ, ತಟ್ಟಿ. ಉದ್ದದ ತಿರುವಿನಲ್ಲಿ ತಟ್ಟು, ಬಿಡು, ತಟ್ಟು, ಬಿಡು ಅಂತ ಒಂದು ತಾಳ ಸಿಗುತ್ತದೆ. ಆಕ್ಸಿಲರೇಟರ್ ಕೀಗೂ ಹೀಗೆಯೇ. ಸ್ಪೇಸ್ ಬಾರಿನ ಹ್ಯಾಂಡ್‌ಬ್ರೇಕನ್ನು ಪೂರಾ ಯು ತಿರುವಿಗೆ ಬಿಟ್ಟರೆ ಬೇರೆಲ್ಲೂ ಬಳಸಬೇಡಿ. ಈ ತೂಕದ ಕಾರಿನ ಹಿಂಭಾಗ ಒಮ್ಮೆ ಜಾರಿದರೆ ವಾಪಸ್ ಸಾಲಿಗೆ ತರುವಷ್ಟರಲ್ಲಿ ಮೂರು ಜನ ಮುಂದೆ ಹೋಗಿರುತ್ತಾರೆ.

ಇನ್ನು 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್. ನಮ್ಮಲ್ಲಿ ಬಹಳ ಜನ ಡಿಬಿ9 ಅನ್ನು ಮೊದಲು ಕಂಡಿದ್ದೇ ಇಲ್ಲಿ. 2012ರಲ್ಲಿ ಅದೇ ಹೆಸರಲ್ಲಿ ಬಂದ ಆಟ ಬೇರೆ, ಅದನ್ನು ಇಲ್ಲಿಗೆ ತರಬೇಡಿ. ಬ್ಲ್ಯಾಕ್‌ಲಿಸ್ಟಿನಲ್ಲಿ ನೀವು ಒಬ್ಬೊಬ್ಬರನ್ನಾಗಿ ಸೋಲಿಸಬೇಕಾದ 15 ಜನ ಇದ್ದಾರೆ, ಮೂರನೇ ಸ್ಥಾನದಲ್ಲಿರುವ ರಾನಿಯ ಕಾರು ಡಿಬಿ9. ಅವನನ್ನು ಸೋಲಿಸಿದ ಮೇಲೆ ಆರು ಮಾರ್ಕರ್ (ಬಹುಮಾನದ ಚೀಟಿಗಳು) ಬರುತ್ತವೆ, ಎರಡನ್ನು ಆರಿಸಬೇಕು. ಮೂರರಲ್ಲಿ ಏನಿದೆ ಅಂತ ಕಾಣುತ್ತದೆ, ಮೂರರ ಮೇಲೆ ಬರೀ ಪ್ರಶ್ನೆ ಚಿಹ್ನೆ. ಕಾರಿನ ಪಿಂಕ್ ಸ್ಲಿಪ್, ಅಂದರೆ ಕಾರು ನಿಮ್ಮದಾಗುವ ಮಾಲೀಕತ್ವದ ಪತ್ರ, ಆ ಪ್ರಶ್ನೆ ಚಿಹ್ನೆಗಳಲ್ಲಿ ಒಂದರ ಹಿಂದೆ ಇರುತ್ತದೆ. ಎರಡೂ ಆಯ್ಕೆಯನ್ನು ಅಲ್ಲೇ ಹಾಕಿ. ಮೂರರಲ್ಲಿ ಎರಡು ಪಾಲು ಅವಕಾಶ ನಿಮ್ಮದು. ಕಣ್ಣೆದುರು ಕಾಣುವ ಪಾರ್ಟ್ಸ್ ಆಸೆಗೆ ಒಂದು ಆಯ್ಕೆ ಕಳೆದರೆ ಅದು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಎದುರಾಳಿಯ ಕಾರು ಅವನು ಹಾಕಿಸಿದ ಪಾರ್ಟ್ಸ್ ಸಮೇತ ಸಿಗುತ್ತದೆ, ಹಾಗಾಗಿ ಅಂಗಡಿಯಲ್ಲಿ ಹೊಸದು ಕೊಂಡು ದುಡ್ಡು ಸುರಿಯುವುದಕ್ಕಿಂತ ಇದು ಲಾಭ.

ಕಾರು ಕೈಗೆ ಬಂದ ಮೇಲೆ ಪರ್ಫಾರ್ಮೆನ್ಸ್ ಟ್ಯೂನಿಂಗ್‌ಗೆ ಹೋಗಿ. ಸ್ಟೀರಿಂಗನ್ನು ಸ್ವಲ್ಪ ಚುರುಕಿನ ಕಡೆ ಸರಿಸಿ. ಏರೋಡೈನಮಿಕ್ಸ್ ಅನ್ನು ನೆಲಕ್ಕೆ ಒತ್ತುವ ಕಡೆ ಒಂದೆರಡು ಹೆಜ್ಜೆ ತನ್ನಿ. ಮೇಲಿನ ವೇಗ ಈ ಕಾರಿಗೆ ಮೊದಲೇ ಬೇಕಾದಷ್ಟಿದೆ, ಸ್ವಲ್ಪ ಬಿಟ್ಟುಕೊಟ್ಟರೆ ಏನೂ ಆಗುವುದಿಲ್ಲ. ಉಳಿದವನ್ನು ಸುಮ್ನೆ ಬಿಡಿ.

ಯಾವ ರೇಸಿಗೆ ಇದನ್ನು ಒಯ್ಯಬೇಕು ಅನ್ನುವುದೇ ದೊಡ್ಡ ವಿಷಯ. ಸ್ಪ್ರಿಂಟ್, ಟೋಲ್‌ಬೂತ್, ಸ್ಪೀಡ್‌ಟ್ರ್ಯಾಪ್‌ಗಳಿಗೆ ಧೈರ್ಯವಾಗಿ ಒಯ್ಯಿರಿ. ಗಲ್ಲಿ ಗಲ್ಲಿ ತಿರುಗುವ ಚಿಕ್ಕ ಸರ್ಕ್ಯೂಟ್‌ಗಳಿಗೆ ಬೇರೆ ಹಗುರ ಕಾರು ಇರಲಿ. ಸ್ಪೀಡ್‌ಟ್ರ್ಯಾಪ್ ಅಂತೂ ಇದರ ತವರು. ಅಲ್ಲಿ ಪ್ರತಿ ಕ್ಯಾಮೆರಾ ಮುಂದೆ ಇದ್ದ ವೇಗ ಕೂಡಿಕೊಂಡು ಅಂಕ ಆಗುತ್ತದೆ. ನೈಟ್ರಸ್ (ಕ್ಷಣಕಾಲ ವೇಗ ಏರಿಸುವ ಗ್ಯಾಸ್) ಅನ್ನು ದಾರಿಯಲ್ಲಿ ಸುಡಬೇಡಿ, ಕ್ಯಾಮೆರಾ ಹತ್ತಿರ ಬಂದಾಗ ಸುಡಿ. ಜೋರಾಗಿ ಓಡುತ್ತಿದ್ದರೆ ಅದು ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ. ಕೊನೆಯ ಕ್ಯಾಮೆರಾ ದಾಟಿದ ಮೇಲೆ ಮೈಮರೆಯಬೇಡಿ, ಬೇರೆಯವರು ಮೊದಲು ಗೆರೆ ಮುಟ್ಟಿದರೆ ನಿಮ್ಮ ಅಂಕ ಇಳಿಯುತ್ತಾ ಹೋಗುತ್ತದೆ. ಸ್ಪೀಡ್‌ಬ್ರೇಕರ್ ಒತ್ತಿದರೆ ಕಾಲ ನಿಧಾನವಾಗುತ್ತದಲ್ಲ, ಅದನ್ನು ಇಂಥ ಭಾರದ ಕಾರಿಗಾಗಿಯೇ ಕೊಟ್ಟಿದ್ದಾರೆ ಅಂದುಕೊಳ್ಳಿ. ತಿರುವು ತಪ್ಪಿತು ಅನ್ನಿಸಿದ ಮೇಲೆ ಅಲ್ಲ, ತಿರುವಿಗೆ ಕಾಲಿಡುವಾಗಲೇ ಒತ್ತಿ.

ಪೊಲೀಸರು ಬೆನ್ನು ಹತ್ತಿದರೆ ಓಡಲು ಹೆದ್ದಾರಿ ಹಿಡಿಯಿರಿ. ಎದುರಿಂದ ನುಗ್ಗುವ ದೊಡ್ಡ ಎಸ್‌ಯುವಿಗಳಿಗೆ ಮೂತಿ ಕೊಡಬೇಡಿ, ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿರಿ. ತಪ್ಪಿಸಿಕೊಂಡ ಮೇಲೆ ಬಣ್ಣ ಬದಲಿಸಿದರೆ ಹೀಟ್, ಅಂದರೆ ಪೊಲೀಸರ ಕಣ್ಣು ಈ ಕಾರಿನ ಮೇಲೆ ಎಷ್ಟಿದೆ ಅನ್ನುವ ಮಟ್ಟ, ಇಳಿಯುತ್ತದೆ. ಆದರೆ ದಯವಿಟ್ಟು ಈ ಕಾರಿಗೆ ಬೆಂಕಿ ಜ್ವಾಲೆಯ ಸ್ಟಿಕರ್ ಅಂಟಿಸಬೇಡಿ. ಇಯಾನ್ ಕ್ಯಾಲಮ್ ಮತ್ತು ಹೆನ್ರಿಕ್ ಫಿಸ್ಕರ್ ಎಳೆದ ಗೆರೆಗಳ ಮೇಲೆ ಅದು ನೋಡಲಾಗುವುದಿಲ್ಲ.

ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್‌ನಲ್ಲಿ ಗೆಲ್ಲುವುದನ್ನು ಮರೆತುಬಿಡಿ. ಹವಾಯಿಯ ಓಅಹು ದ್ವೀಪದ ರಸ್ತೆಗಳನ್ನು ಅದರಲ್ಲಿ ಹಾಕಿದ್ದಾರೆ. ಡ್ರೈವರ್ ಸೀಟಿನ ಕ್ಯಾಮೆರಾ ಹಾಕಿಕೊಂಡು, ಅಸಿಸ್ಟ್ (ಓಡಿಸಲು ಆಟ ಕೊಡುವ ನೆರವು) ಒಂದು ಮೆಟ್ಟಿಲು ಇಳಿಸಿ, ಕರಾವಳಿ ಹಿಡಿದು ದ್ವೀಪ ಸುತ್ತಿ. ನಿಜವಾದ ಡಿಬಿ9ರಲ್ಲಿ ಆರ್‌ಪಿಎಂ ಮುಳ್ಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಏರುತ್ತದೆ. ಆಟೋಮ್ಯಾಟಿಕ್ ಗೇರಿಗೆ ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಗುಂಡಿಗಳಿವೆ. ಬಾಗಿಲು ತೆಗೆದರೆ ಸ್ವಲ್ಪ ಮೇಲಕ್ಕೆ ಎದ್ದು ತೆರೆಯುತ್ತದೆ, ಫುಟ್‌ಪಾತ್ ಅಂಚಿಗೆ ತಾಗದ ಹಾಗೆ. ಇಂಥವನ್ನೆಲ್ಲ ಹುಡುಕಿಕೊಂಡು ಓಡಿಸುವುದರಲ್ಲಿ ಮಜಾ ಇದೆ. ಬೆಟ್ಟದ ಟ್ಯಾಂಟಲಸ್ ರಸ್ತೆಯನ್ನು ಮಾತ್ರ ಮೊದಲ ದಿನವೇ ಹತ್ತಬೇಡಿ.

ಗ್ರ್ಯಾನ್ ಟುರಿಸ್ಮೊ 4ರಲ್ಲಿ ಕಾರು ಹೆಚ್ಚು ನಿಜದ ಹಾಗೆ ವರ್ತಿಸುತ್ತದೆ. ಪ್ಲೇಸ್ಟೇಷನ್ 2ರ ಕಂಟ್ರೋಲರ್ ಗುಂಡಿಗಳು ಎಷ್ಟು ಗಟ್ಟಿಯಾಗಿ ಒತ್ತುತ್ತೀರಿ ಅಂತ ತಿಳಿದುಕೊಳ್ಳುತ್ತವೆ, ಹಾಗಾಗಿ ಇಲ್ಲಿ ಹೆಬ್ಬೆರಳು ಹಗುರ ಇರಲಿ. ಸಾಮಾನ್ಯ ರಸ್ತೆಯ ಎನ್ ಸರಣಿಯ ಟೈರ್ ಹಾಕಿ, ಕಾರು ಜಾರದಂತೆ ತಡೆಯುವ ಎಎಸ್ಎಂ ತೆಗೆದುಹಾಕಿ, ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಟಿಸಿಎಸ್ ತೀರಾ ಕಡಿಮೆ ಇಡಿ. ನೂರ್ಬರ್ಗ್‌ರಿಂಗಿನ 20.8 ಕಿಲೋಮೀಟರ್ ಸುತ್ತಿನಲ್ಲಿ ಕಲಿಯುವುದು ಒಳ್ಳೆಯದು. ಫುಕ್ಸ್‌ರೋರೆಯ (ಆ ಟ್ರ್ಯಾಕಿನ ಒಂದು ಭಾಗ) ಇಳಿಜಾರಿನಲ್ಲಿ ಕಾರು ಬಾಣದ ಹಾಗೆ ಹೋಗುತ್ತದೆ, ತಳ ಮುಟ್ಟಿ ಮೇಲೇರುವಾಗ ಬ್ರೇಕ್ ಹಿಡಿದುಬಿಡಿ. ಮುಂದಿನ ಆಡೆನೌವರ್ ಫೋರ್ಸ್ಟ್‌ನ ಎಡ ಬಲ ತಿರುವು ಈ ತೂಕಕ್ಕೆ ದಯೆ ತೋರಿಸುವುದಿಲ್ಲ. ಕಾರುಸೆಲ್‌ನಲ್ಲಿ (ಇದೂ ಅಲ್ಲಿನ ಒಂದು ಉದ್ದ ತಿರುವು) ಒಳಗಿನ ಕಾಂಕ್ರೀಟ್ ಪಟ್ಟಿಗೆ ಇಳಿದು ಅಲ್ಲೇ ಕೂತಿರಿ. ಕೊನೆಯ ಡೊಟಿಂಗರ್ ಹೋಹೆಯ ಉದ್ದ ರಸ್ತೆಯಲ್ಲಿ ಕಳೆದುಕೊಂಡ ಸಮಯವನ್ನೆಲ್ಲ ವಸೂಲಿ ಮಾಡಬಹುದು.

ಇಷ್ಟಾದರೂ ಟ್ರ್ಯಾಕಿನಲ್ಲೇ ಗೆಲ್ಲಬೇಕು ಅನ್ನುವ ಹಟ ಇದ್ದರೆ ಫೋರ್ಜಾ ಮೋಟಾರ್‌ಸ್ಪೋರ್ಟ್ ಸರಣಿಯಲ್ಲಿ ಡಿಬಿಆರ್9 ಹುಡುಕಿ. 2007 ಮತ್ತು 2008ರ ಲೆ ಮಾನ್‌ನಲ್ಲಿ (ಫ್ರಾನ್ಸಿನ 24 ಗಂಟೆಯ ರೇಸ್) ಜಿಟಿ1 ವರ್ಗ ಗೆದ್ದ ರೇಸ್ ಕಾರು ಅದು. ತೂಕ ಬರೀ 1,100 ಕೆ.ಜಿ. ಹತ್ತಿರ. ಅದರಲ್ಲಿ ಕೂತರೆ ನಾನು ಮೇಲೆ ಬ್ರೇಕಿನ ಬಗ್ಗೆ ಹೇಳಿದ್ದನ್ನು ಪಕ್ಕಕ್ಕಿಡಿ. ತಡವಾಗಿ ಹಿಡಿಯಿರಿ, ಗಟ್ಟಿಯಾಗಿ ಹಿಡಿಯಿರಿ.